ಹೈವೇ ಬದಿ ಪ್ಲಾಟು: ಮುಂಗಡ ಕೊಡೂ ಮುಂಚೆ

ಹತ್ತರಗಿ ಟೋಲ್ ನಾಕಾ, ಎನ್‌ಎಚ್ 48. ಇಂಥ ರಸ್ತೆ ಬದಿ ಹೊಲಕ್ಕ ‘ಹೈವೇ ಟಚ್ ಪ್ಲಾಟ್’ ಅಂತ ಹೆಸರಿಟ್ರ ರೇಟ್ ಏರ್ತದ. ಮೊದಲನೇ ಸಲ ಜಾಗಾ ತೊಗೊಳ್ಳೋರು ಸ್ವಲ್ಪ ನಿಲ್ರಿ.

ಜಮೀನು ಎನ್‌ಎ (ಕೃಷಿಯೇತರ) ಆಗೇತೇನು? ಆದೇಶದ ಪ್ರತಿ ಕೇಳ್ರಿ. ‘ಅರ್ಜಿ ಹಾಕೇವಿ’ ಅನ್ನೋದು ಆದೇಶ ಅಲ್ಲ. ಲೇಔಟ್ 500 ಚದರ ಮೀಟರ್, ಅಂದ್ರ ಸುಮಾರು ಐದು ಗುಂಟೆ ದಾಟಿದ್ರ ರೇರಾ ನೋಂದಣಿನೂ ಬೇಕು. ಹೆದ್ದಾರಿಯಿಂದ ನೇರ ದಾರಿ ಬೇಕಂದ್ರ ಹೆದ್ದಾರಿ ಇಲಾಖೆ ಅನುಮತಿ ಇರಬೇಕು.

ಉತಾರದ 11ನೇ ಕಾಲಂ ನೋಡ್ರಿ, ಸೊಸೈಟಿ, ಬ್ಯಾಂಕಿನ ಬೋಜಾ ಅಲ್ಲೇ ಕಾಣಸ್ತದ. ಕಾವೇರಿ ಪೋರ್ಟಲ್‌ನಾಗ ಇಸಿ (ಋಣಭಾರ ಪತ್ರ) ತಗೀರಿ.

ಹೆಚ್ಚು ಮಂದಿ ಎಡವೂದು ಪಾಲಿನ ವಿಷಯದಾಗ. ಉತಾರದಾಗ ಅಣ್ಣನ ಹೆಸರೊಂದೇ ಇರ್ತದ. ಆದ್ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಪಿತ್ರಾರ್ಜಿತ ಆಸ್ತಿಯೊಳಗ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಮದುವಿ ಆಗಿ ಗೋಕಾಕಕ್ಕೋ ಮೂಡಲಗಿಗೋ ಹೋದ ತಂಗಿ ಪಾಲು ಅಲ್ಲಿಗೆ ಮುಗಿಯಂಗಿಲ್ಲ. ಆಕಿ ಸಹಿ ಇಲ್ಲದ ಖರೀದಿ ನಾಳೆ ಕೋರ್ಟಿಗೆ ಹೋಗಬಹುದು. ವಂಶಾವಳಿ ಕೇಳ್ರಿ, ಎಲ್ಲಾ ವಾರಸುದಾರರ ಸಹಿ ಹಾಕಿಸ್ರಿ. ನಿಮಗೂ ನಿಶ್ಚಿಂತಿ, ಆಕಿಗೂ ನ್ಯಾಯ.

ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನಾದ್ರ ಇನ್ನೂ ಹುಷಾರ್ರಿ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ನಿಲ್ಲಂಗಿಲ್ಲ.

ನೂರು ರೂಪಾಯಿ ಬಾಂಡ್ ಮ್ಯಾಲೆ ಬರಕೊಂಡ್ರ ಮಾಲೀಕರು ಆಗಂಗಿಲ್ಲ. ಉಪನೋಂದಣಿ ಕಚೇರಿಯೊಳಗ ಖರೀದಿ ಪತ್ರ ನೋಂದಾಗಲೇಬೇಕು.

ಈ ಕಾಗದ ತೋರಸಾಕ ಹಿಂದ-ಮುಂದ ನೋಡೋರಿಗೆ ಒಂದು ರೂಪಾಯಿನೂ ಮುಂಗಡ ಕೊಡಬ್ಯಾಡ್ರಿ.