ಯಂತ್ರಗಳು ಮಾತು ಬಿಟ್ಟಾಗ

೨೦೦೬ನೆಯ ಇಸವಿ ಆಗಸ್ಟ್ ೧೯ರಂದು ಅಮೆರಿಕದ ಅಲಬಾಮ ಸಂಸ್ಥಾನದಲ್ಲಿರುವ ಬ್ರೌನ್ಸ್ ಫೆರಿ ಪರಮಾಣು ವಿದ್ಯುತ್ ಕೇಂದ್ರದ ಮೂರನೆಯ ಘಟಕದಲ್ಲಿ, ರಿಯಾಕ್ಟರಿನೊಳಗೆ ನೀರನ್ನು ಸುತ್ತಿಸುವ ಎರಡು ದೊಡ್ಡ ಪಂಪುಗಳೂ ನಿಂತುಹೋದುವು. ನಿಯಮದಂತೆ ಸಿಬ್ಬಂದಿಯವರು ರಿಯಾಕ್ಟರನ್ನು ಕೈಯಾರೆ ನಿಲ್ಲಿಸಿದರು. ಅನಾಹುತವೇನೂ ಆಗಲಿಲ್ಲ. ಆದರೆ ವಿಚಾರಣೆ ನಡೆದಾಗ ದೋಷವು ಪಂಪಿನಲ್ಲಿ ಸಿಕ್ಕಲಿಲ್ಲ. ಪಂಪುಗಳ ವೇಗವನ್ನು ಹಿಡಿತದಲ್ಲಿಡುವ ವಿದ್ಯುನ್ಮಾನ ನಿಯಂತ್ರಕಗಳು ಯಾವ ಆಜ್ಞೆಗೂ ಓಗೊಡದೆ ಸ್ತಬ್ಧವಾಗಿದ್ದುವು. ಅವುಗಳ ತಂತಿ ಕಡಿದಿರಲಿಲ್ಲ. ಆ ತಂತಿಯ ಮೂಲಕ ಬಂದ ಮಾತೇ ಮಿತಿಮೀರಿತ್ತು.

ಮಾತು ಕೇಳಿ ಕೇಳಿ ಯಂತ್ರವೊಂದು ಮೂಕವಾಗುವುದೆಂದರೇನು? ಇದನ್ನು ತಿಳಿಯಬೇಕಾದರೆ ಕಾರ್ಖಾನೆಯ ನಿಯಂತ್ರಕಗಳು ಒಂದರೊಡನೊಂದು ಹೇಗೆ ಮಾತನಾಡುತ್ತವೆ, ಆ ಮಾತು ನಿಂತಾಗ ಎಂಜಿನಿಯರನು ರೋಗದ ಮೂಲವನ್ನು ಹೇಗೆ ಹುಡುಕುತ್ತಾನೆ ಎಂಬುದನ್ನು ಮೊದಲು ನೋಡಬೇಕು.

ಹಿಂದೆ ಮೋಟಾರು ಕಾರಿನ ಕಾರ್ಖಾನೆಗಳಲ್ಲಿ ಯಂತ್ರಗಳನ್ನು ಕ್ರಮವಾಗಿ ನಡೆಸುವ ಕೆಲಸವನ್ನು ನೂರಾರು ರಿಲೇಗಳು ಮಾಡುತ್ತಿದ್ದುವು. ಕಾರಿನ ಮಾದರಿ ಬದಲಾದರೆ ರಿಲೇಗಳ ನಡುವಣ ತಂತಿಗಳನ್ನೆಲ್ಲ ಕಿತ್ತು ಹೊಸದಾಗಿ ಹೆಣೆಯಬೇಕಾಗಿತ್ತು. ಈ ತೊಂದರೆಯನ್ನು ನೀಗಲು ಜನರಲ್ ಮೋಟರ್ಸ್ ಸಂಸ್ಥೆಯ ಒಂದು ವಿಭಾಗವು ೧೯೬೮ರಲ್ಲಿ ಹೊಸ ಬಗೆಯ ನಿಯಂತ್ರಕವನ್ನು ಕೋರಿತು. ಡಿಕ್ ಮಾರ್ಲಿ ಮತ್ತು ಅವರ ಸಂಗಡಿಗರು ನಿರ್ಮಿಸಿದ ‘ಮೋಡಿಕಾನ್ ೦೮೪’ ಎಂಬ ಯಂತ್ರವು ಆ ಕೋರಿಕೆಗೆ ಉತ್ತರವಾಗಿ ಬಂದಿತು. ಅದು ಅವರ ಎಂಬತ್ತನಾಲ್ಕನೆಯ ಯೋಜನೆಯಾದ್ದರಿಂದ ಆ ಹೆಸರು. ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್, ಅಂದರೆ ಪಿ.ಎಲ್.ಸಿ. ಎಂದು ಈಗ ಕರೆಯುವುದು ಇದರ ಸಂತತಿಯನ್ನೇ. ನಾವು ಬರಿದೆ ನಿಯಂತ್ರಕವೆನ್ನೋಣ. ಅದು ಮಾಡುವ ಕೆಲಸ ಸರಳ. ಹೊರಗಿನ ಸಂಕೇತಗಳನ್ನು ಓದುವುದು, ಬರೆದಿಟ್ಟ ಸೂತ್ರದಂತೆ ವಿಚಾರಮಾಡುವುದು, ಮೋಟಾರು ಕವಾಟಗಳಿಗೆ ಆಜ್ಞೆ ಕೊಡುವುದು, ಮತ್ತೆ ಮೊದಲಿನಿಂದ ಓದುವುದು. ಒಂದು ಸುತ್ತಿಗೆ ಕೆಲವು ಮಿಲಿಸೆಕೆಂಡುಗಳು ಸಾಕು. ಸುತ್ತು ಗೊತ್ತಾದ ಕಾಲದೊಳಗೆ ಮುಗಿಯದಿದ್ದರೆ ಒಳಗಿನ ಕಾವಲು ಗಡಿಯಾರವೊಂದು ಇದನ್ನು ಗಮನಿಸಿ ನಿಯಂತ್ರಕವನ್ನೇ ನಿಲ್ಲಿಸಿಬಿಡುವುದು.

ಇಂಥ ನಿಯಂತ್ರಕಗಳನ್ನು ಪರಸ್ಪರ ಕೂಡಿಸಲು ಇಂದು ಬಹುವಾಗಿ ಬಳಸುವ ಏರ್ಪಾಡು ಈಥರ್ನೆಟ್. ಬೆಳಕು ಹರಿಯಲು ವಿಶ್ವವನ್ನೆಲ್ಲ ವ್ಯಾಪಿಸಿದ ಈಥರ್ ಎಂಬ ಮಾಧ್ಯಮ ಬೇಕೆಂದು ಹಿಂದಿನ ಭೌತವಿಜ್ಞಾನಿಗಳು ನಂಬಿದ್ದರಷ್ಟೆ. ೧೮೮೭ರಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲಿ ಅದನ್ನು ಹುಡುಕಹೋಗಿ ಕಾಣದೆ ಮರಳಿದರು. (ಆ ಮಾರ್ಲಿ ಬೇರೆ, ಮೋಡಿಕಾನಿನ ಮಾರ್ಲಿ ಬೇರೆ.) ಹೀಗೆ ಪಾಳುಬಿದ್ದ ಹೆಸರನ್ನು ೧೯೭೩ರಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿದ್ದ ರಾಬರ್ಟ್ ಮೆಟ್‌ಕಾಫ್ ಎತ್ತಿಕೊಂಡು, ಕಂಪ್ಯೂಟರುಗಳನ್ನು ಕೂಡಿಸುವ ತಮ್ಮ ತಂತಿಗೆ ಇಟ್ಟರು. ಈಥರ್ನೆಟ್ಟಿನಲ್ಲಿ ಮಾತು ಹರಿಯುವುದು ಸಣ್ಣ ಸಣ್ಣ ತುಂಡುಗಳಾಗಿ. ಒಂದೊಂದು ತುಂಡಿಗೂ ಫ್ರೇಮ್ ಎಂದು ಹೆಸರು; ನಾವು ಓಲೆ ಎಂದರೆ ತಪ್ಪಾಗದು. ಓಲೆಯ ಮೇಲೆ ಯಾರಿಗೆ, ಯಾರಿಂದ ಎಂಬ ಎರಡು ವಿಳಾಸಗಳು, ಒಳಗೆ ಒಕ್ಕಣೆ, ಕೊನೆಯಲ್ಲಿ, ದಾರಿಯಲ್ಲಿ ಅಕ್ಷರ ಕೆಟ್ಟಿದೆಯೇ ಎಂದು ತಾಳೆ ನೋಡಲು ೩೨ ಬಿಟ್‌ಗಳ ಒಂದು ಲೆಕ್ಕ. ತಂತಿಗಳು ಬಂದು ಸೇರುವಲ್ಲಿ ಸ್ವಿಚ್ ಎಂಬ ಪೆಟ್ಟಿಗೆ ಇರುವುದು. ಇದು ದೀಪ ಹಚ್ಚುವ ಸ್ವಿಚ್ಚಲ್ಲ; ವಿಳಾಸವನ್ನೋದಿ ಓಲೆಯನ್ನು ತಕ್ಕ ಬಾಗಿಲಿಗೆ ಕಳುಹಿಸುವ ಅಂಚೆಮನೆ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಕೊನೆಯ ಲೆಕ್ಕ ತಾಳೆಯಾಗದಿದ್ದರೆ ಓಲೆಯನ್ನು ಬಿಸುಡುತ್ತಾರೆ. ಬಿಸುಟೆವೆಂದು ಬರೆದವನಿಗೆ ಯಾರೂ ತಿಳಿಸುವುದಿಲ್ಲ. ಆದುದರಿಂದ ತಂತಿ ಕಡಿದರೂ, ವಿಳಾಸ ತಪ್ಪಿದರೂ, ಓಲೆ ಕೆಟ್ಟರೂ, ಕೇಳುವವನು ಸತ್ತಿದ್ದರೂ, ಬದುಕಿದ್ದು ಬಿಡುವಿಲ್ಲದಿದ್ದರೂ, ಕಳುಹಿಸಿದವನಿಗೆ ತೋರುವುದು ಒಂದೇ ಲಕ್ಷಣ: ಉತ್ತರವಿಲ್ಲ. ಜ್ವರವೊಂದನ್ನೇ ಕಂಡು ನೂರು ರೋಗಗಳಲ್ಲಿ ಯಾವುದೆಂದು ಹೇಳಬೇಕಾದ ವೈದ್ಯನ ಪಾಡು ಇಲ್ಲಿ ಎಂಜಿನಿಯರನದು. ಹತ್ತು ನಿಮಿಷ ಊಹೆಮಾಡುತ್ತ ನಿಂತರೆ ಅಷ್ಟು ಹೊತ್ತೂ ಕಾರ್ಖಾನೆ ನಿಂತಿರುವುದು.

ಪರೀಕ್ಷೆಯನ್ನು ಕೆಳಗಿನಿಂದ ಆರಂಭಿಸುವುದು ವಾಡಿಕೆ. ತಂತಿ ಸೇರುವ ಬಾಗಿಲ ಬಳಿ ಒಂದು ಪುಟ್ಟ ದೀಪವುಂಟು. ಅದು ಉರಿಯದಿದ್ದರೆ ಎರಡು ತುದಿಗಳ ನಡುವೆ ಸಂಕೇತವೇ ಹಾಯುತ್ತಿಲ್ಲ. ತಂತಿಯನ್ನೋ ಬಿರಡೆಯನ್ನೋ ಬದಲಿಸಿದರೆ ಪ್ರಾಯಶಃ ಅಲ್ಲಿಗೆ ಮುಗಿಯಿತು. ಆದರೆ ದೀಪ ಉರಿದ ಮಾತ್ರಕ್ಕೆ ತಂತಿ ಆರೋಗ್ಯವಾಗಿದೆಯೆಂದು ತಿಳಿಯಲಾಗದು. ದೊಡ್ಡ ಮೋಟಾರಿನ ವಿದ್ಯುತ್ ತಂತಿಯ ಪಕ್ಕದಲ್ಲೇ ಎಳೆದಿದ್ದರೆ ಆ ಮೋಟಾರು ತಿರುಗುವಾಗ ಮಾತ್ರ ಓಲೆಗಳು ಕೆಡಬಹುದು. ಇಂಥ ತಂತಿಗೆ ಉದ್ದದ ಮಿತಿಯೂ ಉಂಟು, ಅದು ನೂರು ಮೀಟರು. ಸ್ವಿಚ್ಚು ಕೆಟ್ಟ ಓಲೆಗಳ ಎಣಿಕೆಯನ್ನು ಒಂದೊಂದು ಬಾಗಿಲಿಗೂ ಪ್ರತ್ಯೇಕವಾಗಿ ಇಟ್ಟಿರುವುದು. ಆ ಎಣಿಕೆ ಏರುತ್ತಿದೆಯೇ, ಏರುವುದು ಯಾವ ಯಂತ್ರ ನಡೆಯುವಾಗ, ಎಂದು ನೋಡುವುದು ತಂತಿಯನ್ನು ಹಿಡಿದು ಅಲುಗಿಸುವುದಕ್ಕಿಂತ ಮೇಲು.

ದೀಪವೂ ಉರಿದು, ತಂತಿಯೂ ಚೆನ್ನಾಗಿದ್ದು, ಮಾತು ಮಾತ್ರ ತಡವರಿಸುವ ಒಂದು ವಿಚಿತ್ರ ರೋಗವಿದೆ. ಈಥರ್ನೆಟ್ಟಿನ ತುದಿಗಳು ಎರಡು ವಿಧವಾಗಿ ಮಾತನಾಡಬಲ್ಲುವು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತನಾಡುವುದು ಹಳೆಯ ಪದ್ಧತಿ. ಇಬ್ಬರೂ ಏಕಕಾಲದಲ್ಲಿ ಹೇಳುತ್ತ ಕೇಳುತ್ತ ಇರುವುದು ಹೊಸದು. ಯಾವುದನ್ನು ಅನುಸರಿಸುವುದೆಂದು ಎರಡು ತುದಿಗಳೂ ತಮ್ಮತಮ್ಮಲ್ಲೇ ಗೊತ್ತುಮಾಡಿಕೊಳ್ಳುತ್ತವೆ. ಆದರೆ ಯಾರೋ ಒಬ್ಬ ಜಾಣನು ನಿಯಂತ್ರಕದ ತುದಿಯನ್ನು ಹೊಸ ಪದ್ಧತಿಗೆ ಕೈಯಿಂದ ಕಟ್ಟಿಹಾಕಿ, ಸ್ವಿಚ್ಚನ್ನು ಅದರ ಪಾಡಿಗೆ ಬಿಟ್ಟನೆನ್ನಿ. ಕಟ್ಟಿಹಾಕಿದ ತುದಿ ಒಪ್ಪಂದದ ಮಾತಿಗೆ ಬರುವುದಿಲ್ಲ. ಸ್ವಿಚ್ಚು ವೇಗವನ್ನೇನೋ ಕಂಡುಹಿಡಿಯುತ್ತದೆ. ಪದ್ಧತಿ ತಿಳಿಯದೆ, ನಿಯಮದಂತೆ ಹಳೆಯದನ್ನು ಹಿಡಿಯುತ್ತದೆ. ಈಗ ನಿಯಂತ್ರಕವು ತನಗೆ ಬೇಕಾದಾಗ ಮಾತನಾಡುವುದು. ಸ್ವಿಚ್ಚು ಇದನ್ನು ಘರ್ಷಣೆಯೆಂದು ಬಗೆದು ತನ್ನ ಮಾತನ್ನು ನಡುವೆಯೇ ತುಂಡರಿಸುವುದು. ಒಂದು ಕಡೆ ಘರ್ಷಣೆಗಳ ಎಣಿಕೆ, ಇನ್ನೊಂದು ಕಡೆ ಕೆಟ್ಟ ಓಲೆಗಳ ಎಣಿಕೆ ಏರುತ್ತ ಹೋಗುವುವು. ಮಾತು ವಿರಳವಾಗಿದ್ದಾಗ ಎಲ್ಲವೂ ಸರಿ. ಪರೀಕ್ಷಿಸಲು ಬಂದವನು ರಾತ್ರಿಯ ನಿಶ್ಶಬ್ದದಲ್ಲಿ ನೋಡಿ ದೋಷವೇನೂ ಇಲ್ಲವೆಂದು ಬರೆದು ಹೋಗುತ್ತಾನೆ. ಬೆಳಿಗ್ಗೆ ಕಾರ್ಖಾನೆ ತುಂಬಿ ನಡೆಯುವಾಗ ರೋಗ ಮರಳುವುದು.

ಮುಂದಿನದು ವಿಳಾಸದ ಪರೀಕ್ಷೆ. ಪ್ರತಿಯೊಂದು ನಿಯಂತ್ರಕಕ್ಕೂ ನಾಲ್ಕು ಸಂಖ್ಯೆಗಳ ಐ.ಪಿ. ವಿಳಾಸವನ್ನು ನಾವೇ ಕೊಡಬೇಕು. ಎರಡು ಯಂತ್ರಗಳಿಗೆ ಒಂದೇ ವಿಳಾಸ ಬಿದ್ದರೆ ಓಲೆ ಒಮ್ಮೆ ಇವನಿಗೆ, ಒಮ್ಮೆ ಅವನಿಗೆ ಹೋಗುವುದು. ಇದನ್ನು ಪತ್ತೆಮಾಡುವ ಉಪಾಯ ಬಹು ಸೊಗಸಾದುದು. ‘ಪಿಂಗ್’ ಎಂಬ ಚಿಕ್ಕ ಕಾರ್ಯಕ್ರಮವೊಂದಿದೆ. ೧೯೮೩ರಲ್ಲಿ ಅಮೆರಿಕದ ಮೈಕ್ ಮೂಸ್ ಎಂಬವರು ಬರೆದುದು. ಜಲಾಂತರ್ಗಾಮಿಯನ್ನು ಶಬ್ದದ ಪ್ರತಿಧ್ವನಿಯಿಂದ ಹುಡುಕುವಂತೆ ಇದು ಒಂದು ವಿಳಾಸಕ್ಕೆ ಕೂಗುಹಾಕಿ ಓಗೊಡುವಿಕೆಗೆ ಕಾಯುವುದು. ಸಂಶಯ ಬಂದ ನಿಯಂತ್ರಕದ ತಂತಿಯನ್ನು ಕಿತ್ತಿಟ್ಟು, ಅದರ ವಿಳಾಸಕ್ಕೆ ಪಿಂಗ್ ಕಳುಹಿಸಿರಿ. ಆಗಲೂ ಉತ್ತರ ಬಂದರೆ ಆ ಹೆಸರಿನಲ್ಲಿ ಬೇರೊಬ್ಬನು ಮನೆಮಾಡಿಕೊಂಡಿದ್ದಾನೆಂದೇ ಅರ್ಥ. ಆದರೆ ಪಿಂಗ್‌ಗೆ ಉತ್ತರ ಬಂದರೆ ಎಲ್ಲವೂ ಸರಿಯೆನ್ನುವಂತಿಲ್ಲ. ನಿಯಂತ್ರಕವು ಒಂದು ಕಾಲಕ್ಕೆ ಇಷ್ಟೇ ಮಂದಿಯೊಡನೆ ಸಂಭಾಷಿಸಬಲ್ಲೆನೆಂಬ ಕಟ್ಟಳೆ ಉಳ್ಳದ್ದು. ಹಳೆಯ ಸಂಭಾಷಣೆಗಳು ಮುಗಿಯದೆ ಜಾಗ ಹಿಡಿದಿದ್ದರೆ, ಕೂಗಿಗೆ ಓಗೊಟ್ಟರೂ ಹೊಸಬನನ್ನು ಒಳಗೆ ಬಿಡದು.

ಇಷ್ಟರಲ್ಲೂ ದೋಷ ಕಾಣದಿದ್ದರೆ ಅತಿಮಾತಿನ ಸಂಶಯಕ್ಕೆ ಎಡೆಯುಂಟು. ಈಥರ್ನೆಟ್ಟಿನಲ್ಲಿ ಒಬ್ಬರಿಗೆ ಬರೆಯುವ ಓಲೆಗಳಂತೆ ಊರಿಗೆಲ್ಲ ಸಾರುವ ಡಂಗುರದ ಓಲೆಗಳೂ ಇವೆ. ಸ್ವಿಚ್ಚು ಅವನ್ನು ಎಲ್ಲ ಬಾಗಿಲುಗಳಿಗೂ ಕಳುಹಿಸುವುದು. ಎರಡು ಸ್ವಿಚ್ಚುಗಳ ನಡುವೆ ಯಾರಾದರೂ ತಿಳಿಯದೆ ಇನ್ನೊಂದು ತಂತಿಯನ್ನು ಸಿಕ್ಕಿಸಿದರೆ ಡಂಗುರವು ಸುತ್ತುದಾರಿ ಹಿಡಿದು ತಿರುಗುತ್ತಲೇ ಇರುವುದು. ಇಷ್ಟು ಸಲ ಸುತ್ತಿದ ಬಳಿಕ ಸಾಯಬೇಕೆಂಬ ಆಯುಸ್ಸಿನ ಲೆಕ್ಕ ಈಥರ್ನೆಟ್ಟಿನ ಓಲೆಗೆ ಇಲ್ಲ. (ಹೆಚ್ಚಿನ ದಾರಿಗಳನ್ನು ತಾವಾಗಿಯೇ ಮುಚ್ಚುವ ಉಪಾಯವನ್ನು ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ ೧೯೮೫ರಲ್ಲಿ ರೂಪಿಸಿದರು. ಅಗ್ಗದ ಸ್ವಿಚ್ಚುಗಳಲ್ಲಿ ಎಷ್ಟೋ ವೇಳೆ ಅದು ಇರುವುದಿಲ್ಲ.) ಸೆಕೆಂಡಿಗೆ ಹತ್ತು ಕೋಟಿ ಬಿಟ್ ಸಾಗಿಸುವ ತಂತಿಯಲ್ಲಿ ಅತಿ ಚಿಕ್ಕ ಓಲೆ, ಅದರ ಮುನ್ಸೂಚನೆ ಮತ್ತು ಹಿಂದಣ ವಿರಾಮ ಸೇರಿ, ೬೭೨ ಬಿಟ್‌ಗಳಷ್ಟು ಹೊತ್ತನ್ನು ತೆಗೆದುಕೊಳ್ಳುವುದು. ಭಾಗಿಸಿ ನೋಡಿದರೆ ಸೆಕೆಂಡಿಗೆ ೧,೪೮,೮೦೯ ಓಲೆಗಳು! ತನಗೆ ಸಂಬಂಧಪಟ್ಟುದೋ ಅಲ್ಲವೋ ಎಂದು ನಿಯಂತ್ರಕವು ಪ್ರತಿಯೊಂದು ಡಂಗುರವನ್ನೂ ಓದಲೇಬೇಕು. ಒಂದನ್ನು ಓದಿ ಬಿಸುಡಲು ಹತ್ತೇ ಮೈಕ್ರೊಸೆಕೆಂಡ್ ಸಾಕೆಂದು ಇಟ್ಟುಕೊಂಡರೂ ಒಂದು ಸೆಕೆಂಡಿನ ಓಲೆಗಳಿಗೆ ಸುಮಾರು ಒಂದೂವರೆ ಸೆಕೆಂಡಿನ ದುಡಿಮೆ ಬೇಕು. ಇದರ ನಡುವೆ ಕವಾಟ ಮೋಟಾರುಗಳನ್ನು ನೋಡಿಕೊಳ್ಳಲು ಪುರುಸೊತ್ತೆಲ್ಲಿ?

ಬ್ರೌನ್ಸ್ ಫೆರಿಯಲ್ಲಿ ನಡೆದುದು ಈ ಜಾತಿಯ ವ್ಯಾಧಿ. ಎರಡು ಪಂಪುಗಳಿಗೂ ಬೇರೆ ಬೇರೆ ನಿಯಂತ್ರಕಗಳಿದ್ದುವು. ಒಂದು ಕೆಟ್ಟರೆ ಇನ್ನೊಂದೂ ಕೆಡಬೇಕಾದ ಕಾರಣವಿರಲಿಲ್ಲ. ಅವೆರಡೂ ಜೊತೆಯಲ್ಲಿ ಮಲಗಿದುದೇ ದೊಡ್ಡ ಸುಳಿವು. ನೀರನ್ನು ಶುದ್ಧಿಮಾಡುವ ಮತ್ತೊಂದು ಭಾಗದ ಪಿ.ಎಲ್.ಸಿ. ಸಹ ಆಗ ವಿಫಲವಾಗಿತ್ತು. ಈ ಮೂರಕ್ಕೂ ಸಮಾನವಾಗಿದ್ದುದು ಕೇಂದ್ರದ ಈಥರ್ನೆಟ್ ಜಾಲ. ಪರೀಕ್ಷೆಮಾಡಿದಾಗ ಜಾಲದಲ್ಲಿ ಮಾತು ಮಿತಿಮೀರಿದರೆ ಪಂಪಿನ ನಿಯಂತ್ರಕಗಳು ಕೈಬಿಡಬಹುದೆಂದು ಗೊತ್ತಾಯಿತು. ಪ್ರವಾಹಕ್ಕೆ ಆ ಪಿ.ಎಲ್.ಸಿ.ಯೇ ಮೂಲವಾಯಿತೋ, ಅದೂ ಪ್ರವಾಹದಲ್ಲಿ ಮುಳುಗಿತೋ ಎಂಬುದು ಮಾತ್ರ ಖಚಿತವಾಗಿ ಬಗೆಹರಿಯಲಿಲ್ಲ. ಮುಳುಗಿದ ನಿಯಂತ್ರಕವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಸಾಧಾರಣವಾಗಿ ಅದು ಏನೂ ಆಗದಂತೆ ಎದ್ದು ಕೂರುವುದು. ಅದರೊಡನೆ ಒಳಗಿನ ಎಣಿಕೆಗಳೂ ಅಳಿಸಿಹೋಗುವುವು. ಅನುಭವಸ್ಥರು ಗುಂಡಿಯನ್ನು ಮುಟ್ಟುವ ಮುನ್ನ ಎಣಿಕೆಗಳನ್ನು ಕಾಗದಕ್ಕೆ ಇಳಿಸಿಕೊಳ್ಳುವುದು ಇದಕ್ಕಾಗಿಯೇ.

೨೦೦೭ರ ಏಪ್ರಿಲಿನಲ್ಲಿ ಅಮೆರಿಕದ ಪರಮಾಣು ನಿಯಂತ್ರಣ ಆಯೋಗವು ಈ ಪ್ರಸಂಗವನ್ನು ಇತರ ಕೇಂದ್ರಗಳಿಗೂ ಸೂಚನಾಪತ್ರದ ಮೂಲಕ ತಿಳಿಯಪಡಿಸಿತು. ಬ್ರೌನ್ಸ್ ಫೆರಿಯಲ್ಲಿ ಅಷ್ಟರೊಳಗೆ ಪಂಪಿನ ನಿಯಂತ್ರಕಗಳಿಗೂ ಜಾಲಕ್ಕೂ ನಡುವೆ ಕಾವಲು ಸಾಧನಗಳು ಬಂದಿದ್ದುವು. ಮಿತಿಗಿಂತ ಹೆಚ್ಚಿನ ಓಲೆಗಳು ಬಂದರೆ ಅವು ಬಾಗಿಲಲ್ಲೇ ತಡೆಯುತ್ತವೆ.