ಉರುಹೊಡೆಯುವುದೇಕೆ, ಚಿತ್ರ ಬರೆದು ನೋಡಿರಿ

ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಪರೀಕ್ಷೆ ಸಮೀಪಿಸಿದಂತೆ ತ್ರಿಕೋನಮಿತಿಯ ಕೋಷ್ಟಕವನ್ನು ಉರುಹೊಡೆಯುವ ಸದ್ದು ಕೇಳಿಬರುತ್ತದೆ. ಬಾಯಿಪಾಠ ಮಾಡಿದ್ದು ಪರೀಕ್ಷೆಯ ಹೊತ್ತಿಗೆ ಕೈಕೊಟ್ಟಿತೆಂದರೆ, ಗಣಿತವು ತನಗೆ ಒಲಿಯದೆಂದು ಮಗು ತೀರ್ಮಾನಿಸಿಬಿಡುತ್ತದೆ. ಆ ಒಂದು ತೀರ್ಮಾನವೇ ಮುಂದಿನ ಓದಿನ ಎಷ್ಟೋ ಬಾಗಿಲುಗಳನ್ನು ಮುಚ್ಚುತ್ತದೆ. ಆದರೆ ಸೈನ್ ಬೆಲೆಗಳನ್ನು ಎರಡೇ ಚಿತ್ರಗಳಿಂದ ನಾವೆಲ್ಲರೂ ಪಡೆಯಬಹುದು.

ಲಂಬಕೋನ ತ್ರಿಭುಜದಲ್ಲಿ ಲಂಬಕೋನದ ಎದುರಿಗಿರುವ ಅತ್ಯಂತ ಉದ್ದದ ಬಾಹುವೇ ವಿಕರ್ಣ. ಉಳಿದೆರಡು ಕೋನಗಳಲ್ಲಿ ಒಂದರ ಎದುರಿನ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಆ ಕೋನದ ಸೈನ್ ದೊರೆಯುತ್ತದೆ.

ಮೊದಲು, ಪ್ರತಿ ಬಾಹುವೂ 2 ಅಂಗುಲವಿರುವ ಸಮಬಾಹು ತ್ರಿಭುಜವನ್ನು ಬರೆಯೋಣ. ಅದರ ಮೂರು ಕೋನಗಳೂ 60 ಡಿಗ್ರಿ. ಮೇಲಿನ ತುದಿಯಿಂದ ಪಾದಕ್ಕೆ ಲಂಬವೆಳೆದರೆ ಪಾದವು 1 ಅಂಗುಲದ ಎರಡು ಭಾಗವಾಗುತ್ತದೆ. ಮೇಲಿನ ಕೋನವು 30 ಡಿಗ್ರಿಯ ಎರಡು ಕೋನಗಳಾಗುತ್ತದೆ. 30ರ ಎದುರಿಗೆ 1, ವಿಕರ್ಣ 2. ಆದ್ದರಿಂದ ಸೈನ್ 30 ಎಂದರೆ 1/2. ಪೈಥಾಗೊರಸನ ಪ್ರಮೇಯದಂತೆ ಲಂಬದ ಉದ್ದ √3. ಅದು 60ರ ಎದುರಿಗಿರುವುದರಿಂದ ಸೈನ್ 60 ಎಂದರೆ √3/2, ಅಂದರೆ ಸುಮಾರು 0.866.

ಎರಡನೆಯದು, 1 ಅಂಗುಲ ಬಾಹುವಿನ ಚೌಕ. ಮೂಲೆಯಿಂದ ಮೂಲೆಗೆ ಎಳೆದ ಗೆರೆಯ ಉದ್ದ √2. ಆದ್ದರಿಂದ ಸೈನ್ 45 ಎಂದರೆ 1/√2, ಸುಮಾರು 0.707.

ಕೋನವು ಕುಗ್ಗುತ್ತ 0 ಆದಾಗ ಎದುರಿನ ಬಾಹುವೂ ಇಲ್ಲವಾಗಿ ಸೈನ್ 0 ಆಗುತ್ತದೆ. ಕೋನವು ಹಿಗ್ಗುತ್ತ 90 ಆದಾಗ ಆ ಬಾಹು ವಿಕರ್ಣಕ್ಕೆ ಸಮನಾಗಿ ಸೈನ್ 1 ಆಗುತ್ತದೆ. ಈಗ ಒಂದು ಸೊಗಸನ್ನು ಗಮನಿಸಿರಿ. 0, 1, 2, 3, 4 ಈ ಅಂಕಿಗಳ ವರ್ಗಮೂಲವನ್ನು 2ರಿಂದ ಭಾಗಿಸಿದರೆ ಕ್ರಮವಾಗಿ 0, 30, 45, 60, 90 ಡಿಗ್ರಿಗಳ ಸೈನ್ ಬೆಲೆಗಳೇ ಬರುತ್ತವೆ!

ಇದು ಪರೀಕ್ಷೆಗಷ್ಟೇ ಸಲ್ಲುವ ವಿದ್ಯೆಯಲ್ಲ. 20 ಅಡಿಯ ಏಣಿಯನ್ನು ನೆಲದೊಡನೆ 60 ಡಿಗ್ರಿ ಕೋನವಾಗುವಂತೆ ಗೋಡೆಗೆ ಒರಗಿಸಿದರೆ ಅದು ಸುಮಾರು 17.3 ಅಡಿ ಎತ್ತರವನ್ನು ಮುಟ್ಟುತ್ತದೆಂದು ಹತ್ತದೆಯೇ ಹೇಳಬಹುದು.

ಈ ವಿದ್ಯೆ ನಮಗೆ ಹೊಸತೂ ಅಲ್ಲ. ಕ್ರಿ.ಶ. 499ರ ಕಾಲದ ಆರ್ಯಭಟನು ತ್ರಿಜ್ಯವನ್ನು 3438 ಎಂದಿಟ್ಟುಕೊಂಡು ‘ಜ್ಯಾ’ಗಳ ಅಂತರಗಳನ್ನು ಕೊಟ್ಟಿದ್ದಾನೆ. ಮೊದಲ ಎಂಟನ್ನು ಕೂಡಿದರೆ 30 ಡಿಗ್ರಿಗೆ 1719 ಬರುತ್ತದೆ. ಅದು 3438ರ ಸರಿಯಾದ ಅರ್ಧ.

ಆದ್ದರಿಂದ ಮಕ್ಕಳಿಗೆ ಕೋಷ್ಟಕವನ್ನು ಒಪ್ಪಿಸೆನ್ನುವ ಬದಲು ಚಿತ್ರ ಬರೆದು ತೋರಿಸೆನ್ನೋಣ. ಮರೆತ ಬೆಲೆಯನ್ನು ತಾನೇ ಮರಳಿ ಪಡೆಯಬಲ್ಲ ಮಗುವಿಗೆ ಗಣಿತದ ಭಯವೆಲ್ಲಿಯದು?