ಕಲ್ಲುಣ್ಣೆಯ ಪೈರಿಗೆ ನೀರೆಷ್ಟು?

ಚಾಮರಾಜನಗರದ ಕರಿಕಲ್ಲಿನ ಹೆಸರನ್ನು ಕೇಳದವರು ವಿರಳ. ವ್ಯಾಪಾರಿಗಳು ಇದನ್ನು ಕಪ್ಪು ಗ್ರಾನೈಟ್ ಎಂದು ಕರೆದರೂ ಭೂವಿಜ್ಞಾನಿಗಳ ಲೆಕ್ಕದಲ್ಲಿ ಅದು ಗ್ರಾನೈಟೇ ಅಲ್ಲ. ಡಾಲರೈಟ್ ಎಂಬ ಅಗ್ನಿಶಿಲೆ. ಇದೇ ಜಾತಿಯ ಕಲ್ಲನ್ನು ಯೂರೋಪಿನಲ್ಲಿ ಸುಣ್ಣಕಲ್ಲಿನೊಡನೆ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ, ಆ ದ್ರವವನ್ನು ರಭಸದಿಂದ ತಿರುಗುವ ಚಕ್ರಗಳ ಮೇಲೆ ಸುರಿದು, ಜಾತ್ರೆಯ ಬೊಂಬಾಯಿ ಮಿಠಾಯಿಯಂತೆ ಎಳೆಯೆಳೆಯಾಗಿ ನೂಲುತ್ತಾರೆ. ಹೀಗೆ ದೊರೆಯುವುದೇ ಕಲ್ಲುಣ್ಣೆ. ಹವಾಯಿ ದ್ವೀಪದ ಜ್ವಾಲಾಮುಖಿಗಳ ಬಳಿ ಪ್ರಕೃತಿಯೇ ಇಂತಹ ಎಳೆಗಳನ್ನು ನೂತು ಗಾಳಿಗೆ ತೂರುವುದುಂಟು. ಕಟ್ಟಡಗಳಲ್ಲಿ ಶಾಖವನ್ನು ತಡೆಯಲು ಬಳಸುತ್ತಿದ್ದ ಈ ಪದಾರ್ಥದಲ್ಲಿ ಗಿಡ ಬೆಳೆಸುವ ಪ್ರಯೋಗಗಳು 1969ರಲ್ಲಿ ಡೆನ್ಮಾರ್ಕಿನಲ್ಲಿ ನಡೆದವು. ಮುಂದೆ ಹಾಲೆಂಡಿನ ಗಾಜಿನ ಮನೆಗಳಲ್ಲಿ ಟೊಮೇಟೊ, ಸೌತೆಗಳು ಮಣ್ಣನ್ನೇ ಕಾಣದೆ ಬೆಳೆಯತೊಡಗಿದವು.

ಕಲ್ಲು ಹೇರಳವಾಗಿದ್ದರೂ ನಮ್ಮ ಚಂದಕವಾಡಿ, ಗುಂಡ್ಲುಪೇಟೆಗಳ ಕಡೆ ಬಳಕೆಗೆ ಬಂದಿರುವುದು ಕಲ್ಲುಣ್ಣೆಯಲ್ಲ, ತೆಂಗಿನ ನಾರಿನ ಹುಡಿ. ಹಿಂದೆ ಒಟ್ಟಲು ಪಾತಿಗಳಲ್ಲಿ ಬೆಳೆಸುತ್ತಿದ್ದ ಟೊಮೇಟೊ, ಕೋಸು, ಚೆಂಡುಹೂಗಳ ಪೈರನ್ನು ಈಗ 98 ಕುಳಿಗಳ ಪ್ಲಾಸ್ಟಿಕ್ ಟ್ರೇಗಳಲ್ಲಿ, ನೆರಳುಪರದೆಯ ಕೆಳಗೆ ಬೆಳೆಸುತ್ತಾರೆ. ಕುಳಿಯ ಆಳ ಸುಮಾರು 4 ಸೆಂಟಿಮೀಟರ್. ಕಲ್ಲುಣ್ಣೆಯ ಸಣ್ಣ ತುಂಡಿನ ಎತ್ತರವೂ ಅಷ್ಟೇ. ಕಲ್ಲಾಗಲಿ ನಾರಾಗಲಿ, ಈ ನಾಲ್ಕು ಸೆಂಟಿಮೀಟರಿನಲ್ಲಿ ನೀರು ನಡೆದುಕೊಳ್ಳುವ ರೀತಿ ಒಂದೇ. ಅದನ್ನು ಅರಿಯದೆ ನೀರೆರೆದರೆ ಟ್ರೇಗೆ ಟ್ರೇಯೇ ಮಲಗಿಬಿಡುತ್ತದೆ.

ನೀರು ಹೆಚ್ಚಾದರೆ ಪೈರು ಏಕೆ ಸಾಯಬೇಕು? ನೀರು ವಿಷವಲ್ಲ. ಬೇರು ಸಹ ನಮ್ಮಂತೆಯೇ ಉಸಿರಾಡುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 275 ಮಿಲಿಗ್ರಾಂ ಆಮ್ಲಜನಕವಿದ್ದರೆ, ಬೆಚ್ಚಗಿನ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಬರಿಯ 8 ಮಿಲಿಗ್ರಾಂ. ಅದೂ ನೀರಿನೊಳಗೆ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಹತ್ತುಸಾವಿರದ ಒಂದು ಪಾಲು. ಉಸಿರುಗಟ್ಟಿದ ಬೇರಿಗೆ ನೀರನ್ನು ಹೀರುವ ಶಕ್ತಿಯೂ ಇಲ್ಲವಾಗಿ ಎಲೆ ಬಾಡುತ್ತದೆ. ಬಾಡಿದ ಎಲೆಯನ್ನು ಕಂಡವರು ಇನ್ನಷ್ಟು ನೀರು ಹಾಕುತ್ತಾರೆ! ಅಷ್ಟರಲ್ಲಿ ಪೀಥಿಯಂ ಎಂಬ, ಬೂಷ್ಟನ್ನು ಹೋಲುವ ಜೀವಿಯ ಬಾಲವುಳ್ಳ ಬೀಜಾಣುಗಳು ಆ ನೀರಿನಲ್ಲೇ ಈಜಿ ಬಂದು ಬೇರನ್ನು ಸೇರುತ್ತವೆ. ಪೈರಿನ ಬುಡ ಮೆತ್ತಗಾಗಿ ಬಾಗಿ ಬೀಳುತ್ತದೆ.

ತಳದಲ್ಲಿ ತೂತಿರುವಾಗ ಹೆಚ್ಚಿನ ನೀರು ಇಳಿದುಹೋಗುವುದಿಲ್ಲವೆ ಎಂದು ಓದುಗರು ಕೇಳಬಹುದು. ಪಾತ್ರೆ ತೊಳೆಯುವ ಸ್ಪಂಜೊಂದನ್ನು ನೀರಿನಲ್ಲಿ ಅದ್ದಿ, ಹಿಂಡದೆ, ಅಂಗೈಗಳ ಮೇಲೆ ಅಡ್ಡಲಾಗಿ ಹಿಡಿದು ನೋಡೋಣ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ನೆಟ್ಟಗೆ ನಿಲ್ಲಿಸಿ ಹಿಡಿದರೆ ಮತ್ತೆ ನೀರು ಸುರಿಯತೊಡಗುತ್ತದೆ. ಸ್ಪಂಜು ಬದಲಾಗಲಿಲ್ಲ, ರಂಧ್ರಗಳು ಬದಲಾಗಲಿಲ್ಲ. ಬದಲಾದುದು ಎತ್ತರ ಮಾತ್ರ. ಸಣ್ಣ ರಂಧ್ರಗಳು ಭೂಮಿಯ ಸೆಳೆತವನ್ನು ಎದುರಿಸಿ ನೀರನ್ನು ತಳದಿಂದ ಇಂತಿಷ್ಟೇ ಎತ್ತರದವರೆಗೆ ಹಿಡಿದಿಡಬಲ್ಲವು. ಆ ಎತ್ತರವನ್ನು ನಿರ್ಧರಿಸುವುದು ರಂಧ್ರದ ಗಾತ್ರ, ಕುಂಡದ ಆಳವಲ್ಲ. ಆಳವಾದ ಕುಂಡದಲ್ಲಿ ಈ ತೊಯ್ದ ಪದರ ತಳದ ಒಂದು ಭಾಗವಷ್ಟೇ. ನಾಲ್ಕು ಸೆಂಟಿಮೀಟರಿನ ಕುಳಿಯಲ್ಲಿ ಅದು ಬಹುಪಾಲನ್ನು ಆಕ್ರಮಿಸುತ್ತದೆ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿದೀತೆಂಬ ನಂಬಿಕೆ ಹಳ್ಳಿ ಪಟ್ಟಣಗಳೆರಡರಲ್ಲೂ ಇದೆ. ಹಾಗೆ ಮಾಡಿದರೆ ತೊಯ್ದ ಪದರ ಜಲ್ಲಿಯ ಮೇಲೆ ಕುಳಿತು ಬೇರಿಗೆ ಇನ್ನೂ ಹತ್ತಿರವಾಗುವುದೇ ಲಾಭ.

ಆದುದರಿಂದ ಮೇಲ್ಮೈಯನ್ನು ನೋಡಿ ನೀರೆರೆಯಬಾರದು. ನಾರಿನ ಹುಡಿಯ ಮೇಲ್ಪದರ ಬೆಳಗಿನ ಗಾಳಿಗೇ ಬಿಳಿಚಿಕೊಳ್ಳುತ್ತದೆ. ಒಳಗೆ ತೇವ ಹಾಗೆಯೇ ಇರುತ್ತದೆ. ನಂಬತಕ್ಕದ್ದು ತೂಕವನ್ನು. ಪ್ರತಿ ಪಕ್ಕ 4 ಸೆಂಟಿಮೀಟರಿರುವ ಕಲ್ಲುಣ್ಣೆಯ ಘನದ ಗಾತ್ರ 64 ಘನ ಸೆಂಟಿಮೀಟರ್. ಅದರಲ್ಲಿ ಕಲ್ಲಿನ ಪಾಲು ನೂರಕ್ಕೆ ಮೂರು ನಾಲ್ಕು ಮಾತ್ರ. ಅಂದರೆ ಒಣಗಿದಾಗ ಗರಿಯಷ್ಟು ಹಗುರವಾದುದು ಪೂರ್ಣ ನೆನೆದಾಗ 60 ಗ್ರಾಂ ನೀರನ್ನು ಹೊತ್ತಿರಬಲ್ಲದು. ಈ ವ್ಯತ್ಯಾಸ ಕೈಗೆ ಚೆನ್ನಾಗಿ ತಿಳಿಯುತ್ತದೆ. ಅರ್ಧ ಭಾರ ಇಳಿದ ಮೇಲೆ, ಬೆಳಗಿನ ಹೊತ್ತಿನಲ್ಲಿ, ತಳದಿಂದ ತೊಟ್ಟಿಕ್ಕುವಷ್ಟು ನೀರು ಕೊಟ್ಟು ಬಿಡುವುದು ಲೇಸು. ಹನಿಹನಿಯಾಗಿ ದಿನವಿಡೀ ಚಿಮುಕಿಸುವುದಲ್ಲ. ಉಣ್ಣೆಯನ್ನು ಹಿಂಡಲೂಬಾರದು, ಎಳೆಗಳು ಕುಸಿದರೆ ಗಾಳಿಯ ದಾರಿ ಮುಚ್ಚುತ್ತದೆ. ಬಿತ್ತಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಹಾಳೆ ಹೊದಿಸಿದ ದಿನಗಳಲ್ಲಿ ನೀರೇ ಬೇಡ. ಅಂಚಿನ ಕುಳಿಗಳು ನಡುವಿನವುಗಳಿಗಿಂತ ಬೇಗ ಒಣಗುವುದರಿಂದ ಎಲ್ಲಕ್ಕೂ ಸಮನಾಗಿ ಸುರಿಯುವುದು ನ್ಯಾಯವಲ್ಲ.

ಕಲ್ಲುಣ್ಣೆಗೆ ಇನ್ನೊಂದು ಗುಣವುಂಟು. ಸುಣ್ಣದ ಅಂಶವಿರುವುದರಿಂದ ಹೊಸದರಲ್ಲಿ ಅದು ಕ್ಷಾರ. ಬಿತ್ತುವ ಮೊದಲು ತುಸು ಹುಳಿಯಾದ, ಪಿಎಚ್ 5.5ರ ನೀರಿನಲ್ಲಿ ನೆನೆಸಬೇಕು. ಕೊಳವೆಬಾವಿಯ ಗಡಸು ನೀರನ್ನು ಹಾಗೆಯೇ ಎರೆದರೆ ಕಬ್ಬಿಣದ ಅಂಶ ಬೇರಿಗೆ ದಕ್ಕದೆ ಹೊಸ ಎಲೆ ಹಳದಿಯಾಗುತ್ತದೆ. ಬಳಸಿದ ಮೇಲೆ ಅದು ಕೊಳೆಯುವುದೂ ಇಲ್ಲ. ನಾರಿನ ಹುಡಿಯಾದರೋ ಪೈರಿನೊಡನೆ ಹೊಲಕ್ಕೇ ಸೇರುತ್ತದೆ.

ಹೊಲ ಸೇರಿದೊಡನೆ ಲೆಕ್ಕ ತಿರುಗುತ್ತದೆ. ಕುಳಿಯ ತಳದಲ್ಲಿ ನಿಂತಿದ್ದ ನೀರಿಗೆ ಈಗ ತಳವೇ ಇಲ್ಲ. ಸುತ್ತಲಿನ ಮಣ್ಣಿನ ಇನ್ನೂ ಸಣ್ಣ ರಂಧ್ರಗಳು ಅದನ್ನು ಹೀರಿಕೊಳ್ಳುತ್ತವೆ. ನಿನ್ನೆಯವರೆಗೆ ನೀರು ಹೆಚ್ಚಾದೀತೆಂದು ಅಂಜಿದ ಪೈರು, ಹಸಿಯಾದ ಹೊಲದ ನಡುವೆಯೇ ಬಾಯಾರಿ ನಿಲ್ಲುತ್ತದೆ. ನಾಟಿಯ ಬೆಳಗ್ಗೆ ಟ್ರೇಯನ್ನು ಚೆನ್ನಾಗಿ ನೆನೆಸಿ, ಬೇರು ಹೊರಗಿನ ಮಣ್ಣನ್ನು ಹಿಡಿಯುವವರೆಗೆ ಕೆಲವು ದಿನ ಬುಡಕ್ಕೇ ನೀರು ಬೀಳುವಂತೆ ನೋಡಿಕೊಳ್ಳಬೇಕು.